ಕೊಗ್ಗ ಆಚಾರಿ ಕಟ್ಟಿದ ಹಾವಿನ ಮನೆ

ಒಮಾನಿನ ವಾದಿ ಕಬೀರ್‌ನಲ್ಲಿ ನನ್ನದೊಂದು ಪ್ಲೈವುಡ್ ಅಂಗಡಿ. ಹಕೀಂ ಬ್ಯಾರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಈ ಬೀದಿಯ ಗ್ಯಾರೇಜಿನವರೆಲ್ಲ ಹೇಳುತ್ತಾರೆ, ಹೇಳಿಕೊಳ್ಳಲಿ. ಇಪ್ಪತ್ತು ವರ್ಷದಿಂದ ಇಲ್ಲಿನ ಬಡಗಿಗಳಿಗೆ ಹಲಗೆ ಮಾರಿದ್ದೇನೆ. ಅವರಲ್ಲಿ ಅರ್ಧ ಮಂದಿ ನನ್ನ ಒಳ್ಳೆಯ ಹಲಗೆಯನ್ನು ಕುಲಗೆಡಿಸಿದವರೇ. ಕೊಗ್ಗ ಆಚಾರಿಯ ಕೈಗೆ ಕೊಡುವಾಗ ಮಾತ್ರ ಮಗಳನ್ನು ಒಳ್ಳೆಯ ಮನೆಗೆ ಕೊಟ್ಟಷ್ಟು ಸಮಾಧಾನ.

ಆಚಾರ್ರು ಕಾರ್ಕಳದ ಕಡೆಯವರು, ಪಕ್ಕದ ವರ್ಕ್‌ಶಾಪಿನಲ್ಲಿ ಕೆಲಸ. ಐವತ್ತೆಂಟು ವಯಸ್ಸು, ಕಡ್ಡಿಯಂಥ ಮೈ. ಕಣ್ಣು ಮುಚ್ಚಿ ಹಲಗೆಯ ಮೇಲೆ ಅಂಗೈ ಆಡಿಸಿದರೆ ಸಾಕು, ಎಲ್ಲಿ ಕೂದಲೆಳೆಯಷ್ಟು ಉಬ್ಬಿದೆ ಎಂದು ಹೇಳಿಬಿಡುತ್ತಾರೆ. ಒಮ್ಮೆ ಬರ್ಕಾದಲ್ಲಿ ತಾವು ಕೂರಿಸಿದ ಬಾಗಿಲೊಂದು ಚೌಕಟ್ಟಿಗೆ ಒಂಚೂರು ಉಜ್ಜುತ್ತದೆ ಎಂಬ ಅನುಮಾನ ಬಂದು, ಮನೆಯವರು ದೂರು ಹೇಳದಿದ್ದರೂ ರಜೆಯ ದಿನ ಬಸ್ಸು ಹಿಡಿದು ಹೋಗಿ ಸರಿ ಮಾಡಿ ಬಂದರು. ಇಂಥವರಿಗೆ ಏನು ಹೇಳುವುದು ಮಾರಾಯ್ರೆ!

ಕಳೆದ ವರ್ಷ ಅವರನ್ನು ಹುಡುಕಿಕೊಂಡು ಡೀನಾ ಬಂದಳು. ಬೌಷರ್‌ನ ಒಂದು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್, ಉಡುಪಿಯ ಹುಡುಗಿ. ಯಾರೋ ದೇಶ ಬಿಟ್ಟು ಹೋಗುವಾಗ ಒಂಬತ್ತಡಿಯ ಹೆಬ್ಬಾವನ್ನು ಕ್ಲಿನಿಕ್ಕಿನಲ್ಲೇ ಬಿಟ್ಟು ಹೋಗಿದ್ದರು. ಸಾಕುವವರು ಸಿಗದಿದ್ದರೆ ಇಂಜೆಕ್ಷನ್ ಕೊಟ್ಟು ಮುಗಿಸುವುದೇ ಎಂಬ ಮಾತು ಬಂದಾಗ ಈಕೆಗೆ ತಡೆಯಲಾಗಲಿಲ್ಲ. ಕಾಗದಪತ್ರ ಮಾಡಿಸಿ ತನ್ನ ಫ್ಲ್ಯಾಟಿಗೇ ತಂದಳು. ಕ್ಲಿನಿಕ್ಕಿನ ಡಾಕ್ಟರು ಅದಕ್ಕೊಂದು ಮರದ ಗೂಡಿನ ಡ್ರಾಯಿಂಗ್ ಬರೆದುಕೊಟ್ಟು ಎರಡು ತಿಂಗಳ ರಜೆಯಲ್ಲಿ ಹೋದರು. ಹಾವಿಗೆ ಎಂದ ಕೂಡಲೇ ಬೀದಿಯ ಬಡಗಿಗಳೆಲ್ಲ ಬೇಡಮ್ಮ ಎಂದರು. ಆಚಾರ್ರು ಡ್ರಾಯಿಂಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಎಂಟಡಿ ಉದ್ದ, ಮೂರಡಿ ಅಗಲ, ಮುಂದೆ ಜಾರುವ ಗಾಜು, ಒಳಗೆ ಬಿಸಿ ದೀಪಕ್ಕೆ ಜಾಲರಿಯ ಕವಚ. ಹಾವಿನ ಮೈ ತಾಗುವಲ್ಲಿ ಒಂದು ಮೊಳೆಯೂ ಇಲ್ಲ, ಎಲ್ಲ ಕಚ್ಚು ಕಡಿದು ಕೂಡಿಸಿದ್ದು. ವಾರ್ನಿಶ್ ಬಳಿದು ಬಿಸಿಲಿಗಿಟ್ಟು, ವಾಸನೆ ಹೋಯಿತೇ ಎಂದು ದಿನಾ ಬೆಳಿಗ್ಗೆ ಒಳಗೆ ತಲೆ ಹಾಕಿ ಮೂಸುತ್ತಿದ್ದರು. ಆದರೆ ಡ್ರಾಯಿಂಗಿನಲ್ಲಿ ಹಲಗೆಯ ಮುಚ್ಚಳ ಇದ್ದ ಜಾಗಕ್ಕೆ ಉದ್ದಕ್ಕೂ ತಂತಿಬಲೆ ಬಿಗಿದಿದ್ದರು. ಡೀನಾ ಕೇಳಿದ್ದಕ್ಕೆ, ಈ ಸೆಕೆಯ ಊರಲ್ಲಿ ಗಾಳಿ ಬೇಕಲ್ಲ ಬಾಯಿ ಎಂದರು; ನಮ್ಮ ಕಡೆ ಕ್ರಿಸ್ತಿಯನ್ ಹೆಣ್ಣುಮಕ್ಕಳನ್ನು ಕರೆಯುವುದೇ ಹಾಗೆ. ಅವಳು ನಂಬಿದಳು.

ನಾನು ನಂಬಲಿಲ್ಲ. ನಾಗಬನದ ಪಕ್ಕದಲ್ಲೇ ಬೆಳೆದ ಬ್ಯಾರಿ ನಾನು. ನಮ್ಮ ಕಡೆಯ ಹಳೇ ಬನಗಳಲ್ಲಿ ನಾಗನ ಕಲ್ಲಿನ ಮೇಲೆ ಮಾಡು ಕಟ್ಟುವುದಿಲ್ಲ. ಮಳೆ, ಬಿಸಿಲು ನೇರ ಅದರ ತಲೆಯ ಮೇಲೆ ಬೀಳಬೇಕು. ಹೆಬ್ಬಾವಾದರೂ ಆಚಾರ್ರ ಕೈ ಮುಚ್ಚಳ ಹಾಕಲು ಒಪ್ಪಿರಲಿಲ್ಲ. ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಬೇರೆ ದಿನ ಬೇಡದ್ದಕ್ಕೆಲ್ಲ ತೆರೆಯುವ ಬಾಯಿ!

ತಿಂಗಳು ಕಳೆದ ಮೇಲೆ ಡೀನಾ ಅಳುತ್ತಾ ಫೋನು ಮಾಡಿದಳು. ಹಾವಿನ ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಂಡಿತ್ತು. ಎರಡೂ ಕಣ್ಣಿನ ಮೇಲೆ ಹಳೆಯ ಪೊರೆ ಹಾಗೆಯೇ ಕೂತಿತ್ತು. ರಜೆಯಿಂದ ಬಂದ ಡಾಕ್ಟರು ನೋಡಿ, ಏಸಿ ಮನೆಯಲ್ಲಿ ಗೂಡಿನ ಪಸೆಯೆಲ್ಲ ಮೇಲಿನ ಬಲೆಯಿಂದ ಆರಿ ಹೋಗಿದೆ, ಮುಂದಿನ ಪೊರೆಯಲ್ಲೂ ಇದು ಬಿಡದಿದ್ದರೆ ಕಣ್ಣು ಹೋಗುತ್ತದೆ ಎಂದಿದ್ದರು.

ಆ ದಿನ ಆಚಾರ್ರು ಉಳಿ ಮುಟ್ಟಲಿಲ್ಲ. ಡ್ರಾಯಿಂಗೇ ಸರಿ ಇರಲಿಲ್ಲ ಎಂದುಬಿಡಿ, ಖಲಾಸ್, ಎಂದು ನಾನು ಬುದ್ಧಿ ಹೇಳಲು ಹೋದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನನಗೇ ನಾಚಿಕೆಯಾಯಿತು. ಶುಕ್ರವಾರ ನನ್ನ ಪಿಕಪ್ಪಿನಲ್ಲಿ ಬೌಷರ್‌ಗೆ ಹೋದೆವು. ಡೀನಾ ನೀರು ತಂದಿಟ್ಟಳು. ಆಚಾರ್ರು ಮುಟ್ಟದೆ, ನಿಂತುಕೊಂಡೇ ಹೇಳಿದರು.

"ಬಾಯಿ, ಗಾಳಿಗೆ ಅಂತ ನಾನು ಹೇಳಿದ್ದು ಸುಳ್ಳು. ನಾಗನಿಗೆ ಮಾಡು ಹಾಕಬಾರ್ದು ಅಂತ ನನ್ನ ಮನಸ್ಸಲ್ಲಿ ಇತ್ತು. ಡಾಕ್ಟ್ರು ಬರೆದದ್ದನ್ನು ನಾನೇ ಬಿಟ್ಟದ್ದು. ತಪ್ಪು ನನ್ನದು."

ಅವಳು ಗೂಡಿನ ಹತ್ತಿರ ಹೋಗಿ ಮೇಲಿನ ಬಲೆಯನ್ನು ಮುಟ್ಟಿ ನೋಡಿದಳು. ಆಮೇಲೆ, ಈಗ ಮುಚ್ಚಳ ಹಾಕಲು ನಿಮ್ಮ ಮನಸ್ಸು ಒಪ್ಪುತ್ತದಾ ಎಂದು ಮೆಲ್ಲಗೆ ಕೇಳಿದಳು.

"ಊರಲ್ಲಿ ಮಾಡು ಇಲ್ಲದಿದ್ರೆ ಮೇಲಿಂದ ಮಳೆಯಾದ್ರೂ ಬರ್ತದೆ. ಇಲ್ಲಿ ಬರುವುದು ಏಸಿ ಮಾತ್ರ. ಪಾಪ ಬಂದ್ರೆ ನನಗೆ ಬರ್ಲಿ ಬಾಯಿ, ಅದಕ್ಕೆ ಕಣ್ಣು ಇರ್ಲಿ."

ಹುಟ್ಟಿದಂದಿನಿಂದ ನಂಬಿದ್ದನ್ನು ಒಂದು ಹಾವಿನ ಕಣ್ಣಿಗಾಗಿ ಹೀಗೆ ಬದಿಗಿಟ್ಟ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ. ಮುಚ್ಚಳ ತಯಾರಾಗಿ ವಾರ್ನಿಶಿನ ವಾಸನೆ ಹೋಗಲು ಹತ್ತು ದಿನ ಬೇಕಾಯಿತು. ಅಲ್ಲಿಯವರೆಗೆ ಡೀನಾ ಬಲೆಯ ಮೇಲೆ ಒದ್ದೆ ಟವೆಲು ಹಾಸುತ್ತಿದ್ದಳು. ಕೂರಿಸುವ ದಿನ ಹಾವನ್ನು ದೊಡ್ಡ ಟಬ್ಬಿನೊಳಗೆ ಇರಿಸಿದ್ದಳು. ಆಚಾರ್ರು ಟಬ್ಬಿಗೊಮ್ಮೆ ಕೈಮುಗಿದು ಮುಚ್ಚಳ ಇಳಿಸಿದರು. ಸಂದಿಯಲ್ಲಿ ಕಾಗದದ ಹಾಳೆ ಕೂಡ ತೂರುತ್ತಿರಲಿಲ್ಲ.

ಅಂದಿನಿಂದ ಆಚಾರ್ರು ವ್ರತ ಹಿಡಿದವರಂತೆ ಮೀನು ಬಿಟ್ಟರು. ಒಮಾನಿನಲ್ಲಿ ಕೂತು, ಕರಾವಳಿಯ ಮನುಷ್ಯ, ಬೂತಾಯಿ ಹುರಿಯುವ ಪರಿಮಳ ಬಂದರೂ ಎದ್ದು ಹೊರಗೆ ಹೋಗುವುದು ಎಂದರೆ ತಮಾಷೆಯಾ? ದಿನಾ ಸಂಜೆ ಡೀನಾಳ ಮೆಸೇಜು ಬಂತಾ ಎಂದು ನನ್ನ ಅಂಗಡಿಗೆ ಬರುತ್ತಿದ್ದರು. ನಲವತ್ತೊಂದು ದಿನ ಬಂದರು.

ಮರುದಿನ ಡೀನಾಳೇ ಬಂದಳು, ಕೈಯಲ್ಲಿ ಉದ್ದದ ರಟ್ಟಿನ ಪೆಟ್ಟಿಗೆ. ವರ್ಕ್‌ಶಾಪಿನಲ್ಲಿ ಆಚಾರ್ರ ಕೆಲಸದ ಮೇಜಿನ ಮೇಲೆ ಅದನ್ನು ತೆರೆದು ಪೊರೆಯನ್ನು ಬಿಡಿಸಿಟ್ಟಳು. ತಲೆಯಿಂದ ಬಾಲದವರೆಗೆ ಒಂದೇ ತುಂಡು. ಆಚಾರ್ರು ಹತ್ತಿರ ಬಂದವರು ಅರ್ಧದಲ್ಲೇ ನಿಂತು ಮುಖ ತಿರುಗಿಸಿದರು. ಹಲಗೆಯ ಕೂದಲೆಳೆ ಹಿಡಿಯುವ ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹಕೀಂ ಭಾಯ್, ನನ್ನಿಂದಾಗುದಿಲ್ಲ. ನೀವೇ ನೋಡಿ. ಕಣ್ಣಿನದ್ದು ಬಂದಿದೆಯಾ?"

ನಾನು ಪೊರೆಯ ತಲೆಯ ಭಾಗವನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದೆ. ಕಣ್ಣಿನ ಜಾಗದಲ್ಲಿ ಎರಡು ಕಡೆ ದುಂಡಗಿನ ಸಣ್ಣ ಬಿಲ್ಲೆಗಳು, ಈ ಸಲದ್ದೂ ಹಳೆಯದೂ ಒಂದಕ್ಕೊಂದು ಅಂಟಿಕೊಂಡು ದಪ್ಪಗೆ ಕೂತಿದ್ದವು.

"ಎರಡೂ ಬಂದಿದೆ ಆಚಾರ್ರೆ," ಎಂದೆ.

ಕೊಗ್ಗ ಆಚಾರಿ ಅಲ್ಲೇ, ಮರದ ಹುಡಿಯ ಮೇಲೆ, ಕುಳಿತುಬಿಟ್ಟರು.