ಗಿರಣಿಯವರು ಹಾಕಿದ ಹಾರ

ನಮ್ಮ ಕಡೆ ನೌಕರಿಯಲ್ಲಿರುವ ಮನುಷ್ಯನ ಕೊರಳಿಗೆ ಹಾರ ಬೀಳುವುದು ಒಂದೇ ಸಲ, ಅದೂ ಅವನನ್ನು ಮನೆಗೆ ಕಳಿಸುವ ದಿನ. ಶಿಗ್ಗಾವಿಯ ನಮ್ಮ ಹತ್ತಿ ಗಿರಣಿಯಲ್ಲಿಯೂ ಈ ಶಾಸ್ತ್ರ ತಪ್ಪದೆ ನಡೆದುಕೊಂಡು ಬಂದಿತ್ತು. ಮುದಿ ಹಮಾಲನ ಸೊಂಟ ಬಿದ್ದಾಗ, ಎಂಜಿನ್ನಿನವನ ಕಣ್ಣು ಮಂಜಾದಾಗ, ಒಂದು ಸೇವಂತಿಗೆ ಹಾರ, ಒಂದು ತೆಂಗಿನಕಾಯಿ, ಒಂದು ರುಮಾಲು, ಮತ್ತು ಯಾರೂ ನಂಬದ ನಾಲ್ಕು ಒಳ್ಳೆಯ ಮಾತು. ಹಾರವನ್ನು ದಾರಿಯಲ್ಲಿ ತೆಗೆಯುವಂತಿರಲಿಲ್ಲ. ಹೀಗಾಗಿ ಯಾರ ನೌಕರಿ ಮುಗಿಯಿತೆಂದು ಪೇಟೆಗೆ ಬೇರೆ ಹೇಳಬೇಕಾಗಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ಕಡೆಯಿಂದ ಹೊಸ ಮ್ಯಾನೇಜರ್ ಸಾಹೇಬರು ಬಂದರು. ದೊಡ್ಡ ಗಿರಣಿಗಳನ್ನು ಕಂಡವರು. ನಮ್ಮಲ್ಲಿ ಬೈಗುಳ ಧಾರಾಳ, ಶಹಬ್ಬಾಸ್‌ಗಿರಿಗೆ ಮಾತ್ರ ಬರಗಾಲ ಎಂದು ಮೊದಲ ವಾರದಲ್ಲೇ ಪತ್ತೆ ಹಚ್ಚಿದರು. ಹಚ್ಚಿದ್ದು ಸುಳ್ಳೇನಲ್ಲ, ಕೆಲಸ ಮಾಡಿಸುವ ನಮ್ಮ ಮುಕಾದಮ ಯಾರ ಕೆಲಸವನ್ನಾದರೂ ನೋಡಿ ಸುಮ್ಮನಿದ್ದನೆಂದರೆ ಅದೇ ಪದವಿದಾನ. ಇನ್ನು ಮೇಲೆ ತಿಂಗಳಿಗೊಬ್ಬ ಒಳ್ಳೆಯ ಕೆಲಸಗಾರನನ್ನು ಎಲ್ಲರೆದುರು ಸನ್ಮಾನಿಸತಕ್ಕದ್ದು ಎಂದು ಸಾಹೇಬರ ಅಪ್ಪಣೆಯಾಯಿತು. ಮೊದಲ ಬಲಿ ನಾನೇ.

ನಾನು ಅಲ್ಲಿ ತೂಕದ ಕಾರಕೂನ. ಸವಣೂರು, ಹಾನಗಲ್ಲಿನ ಕಡೆಯಿಂದ ಬರುವ ಹತ್ತಿ ಗಾಡಿಗಳನ್ನು ತೂಗಿಸಿ ಬರೆದುಕೊಳ್ಳುವವನು. ಭೂಮಂಡಲ ನನ್ನ ತಕ್ಕಡಿಯ ಆಧಾರದ ಮೇಲೆ ನಿಂತಿದೆಯೆಂದು ಗಾಢವಾಗಿ ನಂಬಿದ್ದೆ. ಹಿಂದಿನ ಇಡೀ ಹಂಗಾಮಿನಲ್ಲಿ ಒಂದು ದಿನವೂ ರಜೆ ಕೇಳದವನು ಇವನೊಬ್ಬನೇ ಎಂದು ಸಾಹೇಬರು ಭಾಷಣ ಮಾಡಿ ಹಾರ ಹಾಕಿದರು. ಚಪ್ಪಾಳೆ ಬಿತ್ತು. ನಾನು ನನ್ನ ಚಪ್ಪಲಿಗಳನ್ನೇ ನೋಡುತ್ತ ನಿಂತಿದ್ದೆ. ನೋಡಿದವರು ಅದನ್ನು ವಿನಯ ಎಂದುಕೊಂಡರು.

ಆ ಹಂಗಾಮಿನಲ್ಲೇ ಹಾನಗಲ್ಲಿನಲ್ಲಿ ನಮ್ಮವ್ವ ಹಾಸಿಗೆ ಹಿಡಿದಿದ್ದಳು. ನೋಡಿಕೊಳ್ಳಲು ನನ್ನ ತಂಗಿ ಒಬ್ಬಳೇ. ಬೇಗ ಬಾ ಎಂದು ಹತ್ತಿ ಗಾಡಿಯವರ ಕೈಲಿ ಮತ್ತೆ ಮತ್ತೆ ಹೇಳಿಕಳಿಸಿದಳು. ರಜಾ ಕೊಡವಲ್ರು ಎಂದು ಅದೇ ಗಾಡಿಯವರ ಕೈಲಿ ನಾನು ಹೇಳಿಕಳಿಸಿದೆ. ಕೇಳಿದ್ದರೆ ಕೊಡುತ್ತಿದ್ದರು. ತಕ್ಕಡಿಯ ಮುಂದೆ ಇನ್ನೊಬ್ಬ ಕುಳಿತು ನನಗಿಂತ ಚಲೋ ತೂಗಿಬಿಟ್ಟಾನೆಂಬ ಹೆದರಿಕೆಗೆ ನಾನು ಕರ್ತವ್ಯನಿಷ್ಠೆ ಎಂದು ಹೆಸರಿಟ್ಟಿದ್ದೆ. ಹಂಗಾಮು ಮುಗಿದು ಹತ್ತಿ ಗಾಡಿಗಳು ನಿಂತ ಮೇಲೆ ಹೋದೆ. ಆಗ ಅವ್ವನಿಗೆ ನಾನು ಯಾರೆಂದು ತಿಳಿಯಲಿಲ್ಲ. ಆ ವಾರವೇ ತೀರಿಕೊಂಡಳು. ನನ್ನ ಹಾಜರಿಗೆ ಕಡೆತನಕ ಕುಂದು ತರಲಿಲ್ಲ, ಮಹಾತಾಯಿ. ತಂಗಿಯನ್ನು ಶಿಗ್ಗಾವಿಗೆ ಕರೆತಂದೆ. ಅವಳು ರಜೆ ಕೊಡದ ಗಿರಣಿಯವರಿಗೆ ತಿಂಗಳುಗಟ್ಟಲೆ ಹಿಡಿಶಾಪ ಹಾಕಿದಳು. ನಾನು ತಡೆಯಲಿಲ್ಲ.

ಈ ಪುಣ್ಯಕಾರ್ಯಕ್ಕೆ ಸಂದ ಹಾರ ಧರಿಸಿ ನಾನು ಪೇಟೆಯಲ್ಲಿ ಬರುತ್ತಿದ್ದರೆ, ಖಾರದ ಅಂಗಡಿಯ ಮುದುಕ ಕರೆದು ಕೂಡಿಸಿ ನೀರು ಕೊಟ್ಟ. ಇಷ್ಟು ಸಣ್ಣ ವಯಸ್ಸಿನಲ್ಲೇ ಯಾಕೆ ಬಿಡಿಸಿದರು ಎಂದು ಕೇಳಿದ. ಚಲೋ ಕೆಲಸ ಮಾಡಿದ್ದಕ್ಕೆ ಹಾಕಿದ ಹಾರ ಎಂದೆ. ಬಿಡಿಸುವಾಗ ಎಲ್ಲರಿಗೂ ಹಾಗೇ ಹೇಳುತ್ತಾರೆ ಎಂದು ಬೆನ್ನು ಸವರಿದ.

ಮನೆಯಲ್ಲಿ ಇದಕ್ಕಿಂತ ದೊಡ್ಡ ಗಂಡಾಂತರ ಕುಳಿತಿತ್ತು. ತಂಗಿಗೆ ಚಿಕ್ಕೇರೂರಿನ ಒಕ್ಕಲುತನದ ಮನೆಯ ಸಂಬಂಧ ಕೂಡಿಬಂದಿತ್ತು. ಹುಡುಗನ ತಂದೆ ಆ ಸಂಜೆ ಎಲೆ-ಅಡಿಕೆ ಹಿಡಿದು ಮಾತು ಗಟ್ಟಿ ಮಾಡಲು ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅಪ್ಪ-ಅವ್ವ ಇಲ್ಲದ ಹುಡುಗಿ; ನೌಕರಿಯಲ್ಲಿರುವ ಅಣ್ಣ ಎಂಬುದೊಂದೇ ಅವಳ ಬೆನ್ನಿಗಿದ್ದ ಬಲ. ಆ ಅಣ್ಣ ಹಾರ, ಕಾಯಿ, ರುಮಾಲು ಸಮೇತ ಹೊಸ್ತಿಲು ದಾಟಿದ. ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾದ ಕಪ್ಪು ಕೆಳಗಿಟ್ಟು, ಅವಸರವೇನೂ ಇಲ್ಲ, ಮುಂದೆ ನೋಡೋಣ ಎಂದು ಎದ್ದರು. ಬಾಗಿಲ ಮರೆಯಲ್ಲಿದ್ದ ತಂಗಿಯ ಮುಖ ಸುಣ್ಣವಾಯಿತು.

ನಾನು ಮತ್ತೆ ಅದೇ ವಿವರಣೆ ಕೊಟ್ಟೆ. ಹಿರಿಯರು ಸಿಟ್ಟಾಗಲಿಲ್ಲ.

"ತಮ್ಮಾರ, ನಮ್ಮ ಕಡೆ ಕಾರಹುಣ್ಣಿವಿ ಬಿಟ್ರ ಎತ್ತಿನ ಕೊಳ್ಳಿಗೆ ಹಾರ ಹಾಕೂದು ಸಂತಿಗೆ ಹೊಡಕೊಂಡು ಹೊಂಟಾಗ ರೀ."

ಅರ್ಧ ಗಳಿಗೆ ಕುಳಿತಿರಿ ಎಂದು ಕೈಮುಗಿದು, ಹಾರ ತೆಗೆಯುವ ಖಬರೂ ಇಲ್ಲದೆ ಸಾಹೇಬರ ಮನೆಗೆ ಓಡಿದೆ. ನೌಕರಿ ಹೋದದ್ದಕ್ಕೆ ತಲೆ ಕೆಟ್ಟಿತು ಎಂದು ಪೇಟೆ ತೀರ್ಮಾನಿಸಿತಂತೆ. ಸಾಹೇಬರು ಬಹಳ ಹುರುಪಿನಿಂದ ಕೋಟು ಹಾಕಿಕೊಂಡು ಬಂದರು. ಈ ಮನುಷ್ಯನ ನೌಕರಿ ಬಂಡೆಗಲ್ಲಿನಂತಿದೆ, ಇವನು ಗಿರಣಿಯ ಕಂಬ ಎಂದು ಹೇಳಿ ಹಿರಿಯರನ್ನು ಮತ್ತೆ ಕೂಡಿಸಿದರು. ಹಿರಿಯರ ಮುಖ ತುಸು ಸಡಿಲಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಸಾಹೇಬರಿಗೆ ನಾನೇ ಹಾರ ಹಾಕುತ್ತಿದ್ದೆ. ಆದರೆ ಹಳೆಯ ಕಾರಕೂನರು ನನ್ನ ಬಗ್ಗೆ ಹೇಳಿದ್ದೆಲ್ಲ ಅವರಿಗೆ ನೆನಪಿತ್ತು.

"ತಾಯಿಗೆ ಅಷ್ಟ್ ಜಡ್ಡಾದಾಗನೂ ಇವ್ರು ಒಂದ್ ದಿನ ರಜಾ ಕೇಳಲಿಲ್ರಿ. ಕೇಳಿದ್ರ ಆಗಿನ ಮ್ಯಾನೇಜರು ಕೊಡಾವ್ರ ಇದ್ರು. ಕೇಳಲೇ ಇಲ್ಲ. ಇಂಥ ಮನಿಶಾ!"

ಬಾಗಿಲ ಮರೆಯಲ್ಲಿ ಬಳೆ ಸದ್ದಾಗಿ ನಿಂತಿತು. ನಾನು ಅತ್ತ ನೋಡಲಿಲ್ಲ. ಹಿರಿಯರು ನನ್ನ ಕಡೆ ಹೊರಳಿದರು.

"ಕೇಳಲೇ ಇಲ್ಲೇನ್ರಿ?"

ನಾನು ಕೊರಳಿನ ಹಾರವನ್ನು ಆಗ ತೆಗೆದೆ. ಅವರು ತಾವಾಗಿಯೇ ಮುಂದುವರಿಸಿದರು.

"ನೌಕರಿ ಐತಿ, ಖರೆ. ಆದ್ರ ನಾಳೆ ಈ ಹುಡುಗಿನ್ನ ಪಂಚಮಿಗೆ ಕರಿಯಾಕ ಯಾರ್ ಬರ್ತಾರ್ರಿ? ಬ್ಯಾರೆ ಸೊಸ್ತೇರು ತವರಿಗೆ ಹೊಂಟಾಗ ಈಕಿ ಬಾಗಲ್ದಾಗ ನಿಂತು ನೋಡಬೇಕೇನು?"

ನೋಡಲು ಬಂದವರೆದುರು ಹುಡುಗಿ ಬಾಯಿ ತೆರೆಯುವ ಪದ್ಧತಿ ನಮ್ಮಲ್ಲಿಲ್ಲ. ತಂಗಿ ತೆರೆದಳು.

"ಅಣ್ಣ ಬರ್ತಾನ್ರಿ. ಆವಾಗ ಅವ್ವನೇ ಬ್ಯಾಡ ಅಂದಿದ್ಲು. ಅವನ ಕೆಲಸ ಕೆಡ್ತೈತಿ, ಹೇಳಿಕಳಿಸಬ್ಯಾಡ ಅಂದ್ಲು. ನಾ ಹೇಳಿಕಳಿಸಲೇ ಇಲ್ರಿ."

ಹಿರಿಯರು ಬಾಗಿಲ ಕಡೆ ಬಹಳ ಹೊತ್ತು ನೋಡಿದರು. ನಂಬಿದರೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಎಲೆಯ ತಟ್ಟೆ ತರಲು ಹೇಳಿದರು. ಒಪ್ಪಿದ್ದು ಹುಡುಗಿಯ ಮಾತಿಗಾಗಿ ಎಂದರು. ಸಾಹೇಬರಿಗೆ ಕಣ್ಣಲ್ಲಿ ನೀರು ಬಂತು. ಇಂಥ ಮನೆತನದಿಂದಲೇ ಇಂಥ ನೌಕರ ಎಂದರು.

ಎಲ್ಲರೂ ಹೋದ ಮೇಲೆ ತಂಗಿ ಕಪ್ಪು ತೊಳೆಯುತ್ತಿದ್ದಳು. ನಾನು ತೊಳೆದ ಕಪ್ಪುಗಳನ್ನು ಒರೆಸಲು ಹೋದೆ. ಅವಳು ತಲೆ ಎತ್ತಲಿಲ್ಲ.

"ಗಿರಣಿಯವ್ರನ್ನ ಸುಮ್ಮನ ಬೈದ್ನಲ್ಲ, ಪಾಪ" ಎಂದಳು.

ಮದುವೆಯಾಯಿತು. ಮೊದಲ ಪಂಚಮಿಗೆ ನಾನು ರಜೆ ಕೇಳಿದಾಗ ಸಾಹೇಬರು ಹೆಂಡತಿ-ಮಕ್ಕಳನ್ನು ಕಳೆದುಕೊಂಡವರ ಹಾಗೆ ನೋಡಿದರು. ಈ ವರ್ಷ ಯಾವ ತಿಂಗಳ ಸನ್ಮಾನಕ್ಕೂ ನನ್ನ ಹೆಸರನ್ನು ಇನ್ನು ಪರಿಗಣಿಸಲಾಗದೆಂದು ವಿಷಾದದಿಂದ ತಿಳಿಸಿದರು. ನಾನು ಅಷ್ಟೇ ಗಂಭೀರವಾಗಿ ಉಪಕಾರ ಸ್ಮರಿಸಿದೆ. ಚಿಕ್ಕೇರೂರಿನಿಂದ ತಂಗಿಯನ್ನು ಕರೆದುಕೊಂಡು ಬರುವಾಗ ಅವಳು ಬಸ್ಸಿನಲ್ಲಿ ಅತ್ತೆಯ ಸ್ವಭಾವ, ಹೊಲದ ಬದುವಿನ ಜಗಳ, ಹೊಸದಾಗಿ ಈದ ಎಮ್ಮೆ, ಎಲ್ಲದರ ವರದಿ ಒಪ್ಪಿಸಿದಳು. ಹಾನಗಲ್ಲಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಮಾತ್ರ ಸುಮ್ಮನೆ ಕಿಟಕಿಯ ಹೊರಗೆ ನೋಡಿದಳು. ನಾನು ಮುಂದಿನ ಸೀಟಿನವನ ರುಮಾಲು ನೋಡಿದೆ. ಬಸ್ಸು ಬಿಟ್ಟಿತು. ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಅವಳು ಹೇಳತೊಡಗಿದಳು.