ಕೋಕೋ ಗಿಡಕ್ಕೆ ಮೂರು ಹೊತ್ತು ನೀರು

ಬಸವಕಲ್ಯಾಣದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪ್ರಯೋಗಶಾಲೆಯ ಅಟೆಂಡರನಾಗಿ ಸೇರಿದ ಮೊದಲ ವಾರವೇ ಮಚ್ಚೇಂದ್ರ ಒಂದು ಪರಾಕ್ರಮ ಮಾಡಿದ. ಇದನ್ನು ಬರೆಯುತ್ತಿರುವವನೂ ಅವನೇ. ಸ್ವಂತ ಪೆದ್ದತನವನ್ನು ಸ್ವಲ್ಪ ದೂರ ನಿಂತು ಹೇಳಿದರೆ ನಾಚಿಕೆ ಕಡಿಮೆ ಎಂದು ಹೀಗೆ ಹೇಳುತ್ತಿದ್ದಾನೆ.

ಕಾಲೇಜಿನ ಹಿಂದಿದ್ದ ಗಾಜಿನ ಮನೆಯಲ್ಲಿ ಒಂದೇ ಒಂದು ಕೋಕೋ ಗಿಡ. ಅದರ ಬೋಳು ಕಾಂಡದ ತುಂಬ ಬಿಳಿ ಬಿಳಿಯಾಗಿ ಏನೋ ಎದ್ದಿತ್ತು. ಹೂವೆಂದರೆ ಟೊಂಗೆಯ ತುದಿಗೇ ಬಿಡಬೇಕೆಂದು ನಂಬಿದ್ದ ಮಚ್ಚೇಂದ್ರನಿಗೆ ಅದು ಗಿಡಕ್ಕೆ ಹತ್ತಿದ ಕಜ್ಜಿಯಂತೆ ಕಂಡಿತು. ಚಾಕು ತಂದು, ಬುಡದಿಂದ ಎದೆಯೆತ್ತರದವರೆಗೆ ಕೆರೆದು ಹಾಕಿ, ಮಾಲಿ ಕಾಸಿಂನನ್ನು ಕರೆದು ತೋರಿಸಿದ.

ಐವತ್ತು ದಾಟಿದ ಕಾಸಿಂ ನೆಲಕ್ಕೆ ಉದುರಿದ್ದನ್ನು ಬಗ್ಗಿ ಬೊಗಸೆಗೆ ಬಳಿದುಕೊಂಡ.

“ಕಣ್ಣು ಭಾಳ ಚಲೋ ಅದಾವ ಸಾಹೇಬ್ರ. ಒಂದು ಹೂವೂ ಉಳಿಸಿಲ್ಲ.”

ಆ ವರ್ಷ ಕಾಯಿ ಬಿಡಲಿಲ್ಲ. ಉಳಿದ ವರ್ಷಗಳಲ್ಲೇನೂ ರಾಶಿ ರಾಶಿ ಬಿಡುತ್ತಿತ್ತೆಂದಲ್ಲ; ಕಾಸಿಂ ದಿನಾ ಬೆಳಗ್ಗೆ ಆಡಿನ ಕೂದಲಿನ ಕುಂಚದಿಂದ ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸುತ್ತಿದ್ದರೂ ಗಿಡ ತಂದಾಗಿನಿಂದ ಹದಿನೇಳು ವರ್ಷಕ್ಕೆ ಕಂಡದ್ದು ಎರಡೇ ಕಾಯಿ.

ಆ ಗಿಡವನ್ನು ೧೯೬೪ರಲ್ಲಿ ಪ್ರೊಫೆಸರರೊಬ್ಬರು ದಕ್ಷಿಣದ ಯಾವುದೋ ತೋಟದಿಂದ ಬುಟ್ಟಿಯಲ್ಲಿ ತಂದಿದ್ದರು. ಅದರ ಜೊತೆ ಇನ್ನೂ ಮೂವತ್ತು ಬಗೆಯ ಗಿಡಗಳಿದ್ದವು. ಪ್ರೊಫೆಸರರಿಗೆ ವರ್ಗವಾಯಿತು, ಒಂದೊಂದು ಬೇಸಿಗೆಗೆ ಒಂದಷ್ಟು ಗಿಡ ಒಣಗಿದವು, ಕೊನೆಗೆ ಕೋಕೋ ಒಂದೇ ಉಳಿಯಿತು. ಥಂಡಿ ದೇಶಗಳಲ್ಲಿ ಗಾಜಿನ ಮನೆ ಕಟ್ಟುವುದು ಗಿಡವನ್ನು ಬೆಚ್ಚಗಿಡಲು. ನಮ್ಮ ಕಡೆಯ ಬಿಸಿಲಿಗೆ ಅದೇ ಮನೆ ಒಲೆಯಾಗುತ್ತದೆ. ಹಾಗಾಗಿ ಕಾಸಿಂ ಶಿವರಾತ್ರಿ ಕಳೆಯುತ್ತಲೇ ಗಾಜಿಗೆ ಸುಣ್ಣ ಬಳಿದು, ಸುತ್ತ ಗೋಣಿ ತಟ್ಟು ಕಟ್ಟಿ, ಹತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ ತಟ್ಟಿಗೂ ನೆಲದ ಇಟ್ಟಿಗೆಗೂ ಬಾವಿಯ ನೀರು ಹೊಡೆಯುತ್ತಿದ್ದ. ರವಿವಾರವೂ, ಈದ್ ಹಬ್ಬದ ದಿನವೂ.

ಅವನ ಮಂದಿಯೆಲ್ಲ ಹುಮನಾಬಾದಿನಲ್ಲಿದ್ದರು, ಬಸ್ಸಿನಲ್ಲಿ ಒಂದು ತಾಸಿನ ದಾರಿ. ತಾಯಿ ತೀರಿಕೊಂಡಾಗ ಹೋಗಿ ಮಣ್ಣು ಕೊಟ್ಟು ನಾಲ್ಕರ ನೀರಿಗೆ ತಿರುಗಿ ಬಂದಿದ್ದ. ಆಮೇಲೆ ಯಾರ ಮದುವೆಗೆ ಕರೆದರೂ “ಗಿಡ ಬಿಟ್ಟು ಬರಾಕ ಆಗಂಗಿಲ್ಲ” ಎಂದು ಹೇಳಿ ಕಳಿಸುತ್ತಿದ್ದ. ಕರೆಯುವವರು ಎಷ್ಟಂತ ಕರೆದಾರು, ಬಿಟ್ಟರು. ಹೆಂಡತಿ, ಮಕ್ಕಳು ಇರಲಿಲ್ಲ. ಗಾಜಿನ ಮನೆಗೆ ಹೊಂದಿಕೊಂಡ ಖೋಲಿಯಲ್ಲಿ ಒಂದು ಸ್ಟೋ, ಒಂದು ಟ್ರಂಕು, ಒಂದು ಕಪ್ಪು. ಮಚ್ಚೇಂದ್ರ ಚಹಾಕ್ಕೆ ಹೋದರೆ ಕಾಸಿಂ ಮೊದಲು ತಾನು ಕುಡಿದು, ಅದೇ ಕಪ್ಪು ತೊಳೆದು ಅವನಿಗೆ ಕೊಡುತ್ತಿದ್ದ.

೧೯೮೧ರ ಬೇಸಿಗೆಯಲ್ಲಿ, ಕಾಸಿಂನ ತೀರಿಹೋದ ಅಣ್ಣನ ಮಗಳು ವಜೀರಬಿ ತಾನೇ ಬಸ್ಸು ಹತ್ತಿ ಬಂದಳು. ಅವಳ ಮದುವೆ. ತಂದೆಯಿಲ್ಲದ ಹುಡುಗಿಯ ನಿಕಾಹಕ್ಕೆ ಚಿಕ್ಕಪ್ಪನಾದ ಚಾಚಾ ಮುಂದೆ ಕೂಡಬೇಕು. ಕಾಸಿಂ ಗಿಡದ ಕಡೆ ನೋಡಿದ್ದನ್ನು ಕಂಡು ಅವಳು ಮಚ್ಚೇಂದ್ರನ ಕಡೆ ತಿರುಗಿದಳು.

“ನೀವರ ಹೇಳ್ರಿ ಅಣ್ಣಾರ. ಮೂರು ದಿನ ಬಂದು ನಮ್ಮ ಮನ್ಯಾಗ ಇರ್ಲಿ. ಬರಲಿಲ್ಲಂದ್ರ ಇದೇ ಆಖರಿ ನೋಡ್ರಿ, ಮತ್ತ ನಮ್ಮ ಮನಿಯಿಂದ ಯಾರೂ ಕರಿಯಾಕ ಬರೂದಿಲ್ಲ.”

“ನೀರು ನಾ ಹೊಡಿತೀನಿ ಚಾಚಾ” ಎಂದ ಮಚ್ಚೇಂದ್ರ. ಕೆರೆದ ಹೂವಿನ ಋಣ ತೀರಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ.

“ಚಾಕು ಎಲ್ಲಿ ಇಡ್ತೀರಿ?”

“ಬೀರುವಿನಾಗ. ಕೀಲಿ ನಿಮ್ಮ ಕೈಯಾಗ ಕೊಡ್ತೀನಿ.”

ಕಾಸಿಂ ಮೊದಲ ಸಲ ನಕ್ಕ. ಕೀಲಿಯನ್ನು ಮಾತ್ರ ಮರೆಯದೆ ಇಸಿದುಕೊಂಡ. ಹೊಸ ಪೈಜಾಮ ಹೊಲಿಸಿದ. ನಿಕಾಹದ ದಿನ ನಸುಕಿನಲ್ಲಿ ಮಚ್ಚೇಂದ್ರನೇ ಅವನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಅವನನ್ನು ಕಿಟಕಿಯ ಪಕ್ಕ ಕೂರಿಸಿ ಕಳಿಸಿದ.

ಹತ್ತಕ್ಕೆ ನೀರು ಹೊಡೆದ, ಒಂದಕ್ಕೆ ಹೊಡೆದ. ಇಟ್ಟಿಗೆಯಿಂದ ತಂಪು ಏಳುತ್ತಿತ್ತು, ಒಂದೆಲೆಯೂ ಬಾಡಿರಲಿಲ್ಲ. ಮಚ್ಚೇಂದ್ರ ತನ್ನನ್ನು ತಾನೇ ಹೊಗಳಿಕೊಳ್ಳುತ್ತ ನಾಲ್ಕಕ್ಕೆ ಬಕೀಟು ಹಿಡಿದು ಬಂದರೆ, ಹೊಸ ಪೈಜಾಮವನ್ನು ಮೊಣಕಾಲಿಗೆ ಏರಿಸಿಕೊಂಡು ಕಾಸಿಂ ತಟ್ಟು ತೋಯಿಸುತ್ತಿದ್ದ. ಟ್ರಂಕು ಬಾಗಿಲಲ್ಲಿತ್ತು.

“ನಿಕಾಹ ಆತೇನ್ರಿ?”

“ಆತು.” ಕಾಸಿಂ ಕಿಸೆಯಿಂದ ನಿಕಾಹದಲ್ಲಿ ಹಂಚಿದ ಒಣ ಖರ್ಜೂರ, ನಾಲ್ಕು ಖಾರೀಕು ತೆಗೆದು ಕೊಟ್ಟ.

“ಊಟಾ?”

“ಉಣ್ಣಾಕ ಚಾಪಿ ಹಾಸಾಕತ್ತಿದ್ರು. ಬಸ್ಸು ಬಂತು.”

ವಜೀರಬಿಯ ಮುಖ ಮಚ್ಚೇಂದ್ರನ ಕಣ್ಣ ಮುಂದೆ ಬಂತು. ಕೇಳಬಾರದೆಂದು ಗೊತ್ತಿದ್ದೂ ಕೇಳಿದ: “ನಾ ಇದ್ದೆನಲ್ಲ ಚಾಚಾ. ಗಿಡ ಒಣಗ್ತದಂತ ಖರೇನೇ ಅಂಜಿಕಿ ಇತ್ತೇನು? ಇಲ್ಲಾ ನಿಮಗೇ ಅಲ್ಲಿ ಇರೂದು ಬ್ಯಾಡಾಗಿತ್ತೇನು?”

ಕಾಸಿಂ ಅವನ ಕೈಯ ಬಕೀಟು ತೆಗೆದುಕೊಂಡು ಇಟ್ಟಿಗೆಯ ಮೇಲೆ ಸುರಿದ.

“ಗಿಡದ ಮಾತು ಬಿಡ್ರಿ, ಅದು ನೆವ. ಮಂದ್ಯಾಗ ಹ್ಯಾಂಗ ಕೂಡಬೇಕು ಅನ್ನೂದು ನನಗ ಮರತು ಹೋಗ್ಯದ.”