ನೆಟ್ಟಗೆ ಹಾಕಿಸಿದ ಬದು

ಎಪ್ಪತ್ತರ ದಶಕದ ನಡುವಿನಲ್ಲಿ ಅಣ್ಣನಿಗೂ ನನಗೂ ಪಾಲಾಯಿತು. ಸುಂಕದಕಟ್ಟೆಯ ಆಚೆ ಇಳಿಜಾರಿನಲ್ಲಿದ್ದ ಹೊಲದಲ್ಲಿ ಮೇಲಿನ ಅರ್ಧ ನನಗೆ, ಕೆಳಗಿನ ಅರ್ಧ ಮತ್ತು ಬಾವಿ ಅಣ್ಣನಿಗೆ. ನಾನು ಆಗ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಎಸ್ಸೆಸ್ಸೆಲ್ಸಿ ಪಾಸಾದ ಜಂಬ ಬೇರೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು.

ಮಳೆ ಬಂದರೆ ನನ್ನ ಹೊಲದಲ್ಲಿ ನೀರು ನಿಲ್ಲುತ್ತಿರಲಿಲ್ಲ, ಮೇಲ್ಮಣ್ಣನ್ನೂ ಒಯ್ಯುತ್ತಿತ್ತು. ರಾಗಿ ಮೊಳಕಾಲುದ್ದ ಬೆಳೆದು ಒಣಗುತ್ತಿತ್ತು. ನೀರು ತಡೆದು ಇಂಗಿಸದಿದ್ದರೆ ಇನ್ನು ನಾಲ್ಕು ಮಳೆಗಾಲಕ್ಕೆ ಉಳಿಯುವುದು ಬರೀ ಗರಸುಕಲ್ಲು ಎಂದರು ಬೇಸಾಯದ ಸಲಹೆ ಕೊಡಲು ಬರುತ್ತಿದ್ದ ಗ್ರಾಮಸೇವಕರು. ನೀರು ನಿಲ್ಲಲು ಕುಂಟೆ ತೋಡಬಹುದು, ಇಲ್ಲವೇ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಬದು ಹಾಕಬಹುದು. ಕುಂಟೆಗೆ ಜಾಗ ನನ್ನದು ಹೋಗಿ, ಇಂಗಿದ ನೀರು ಅಣ್ಣನ ಬಾವಿ ಸೇರುತ್ತದೆ ಎಂದು ಅದನ್ನು ಬೇಡವೆಂದೆ. ಅಷ್ಟು ಸಣ್ಣ ಮನಸ್ಸು ನನ್ನದು.

ಬದುವಾದರೂ ಒಂದೇ ಮಟ್ಟದಲ್ಲಿ ಸಾಗಬೇಕು. ನಮ್ಮಿಬ್ಬರ ಗಡಿಯ ಪಡುವಣ ತುದಿ ತಗ್ಗು. ಅಲ್ಲಿ ಬದು ಗಡಿ ಬಿಟ್ಟು ಮೇಲಕ್ಕೆ, ನನ್ನ ಹೊಲದೊಳಕ್ಕೆ ಬಾಗಬೇಕಿತ್ತು. ಆಗ ನನ್ನ ಮೂರು ಗುಂಟೆ ಬದುವಿನ ಕೆಳಗೆ, ಅಣ್ಣನ ಕಡೆ ಉಳಿಯುತ್ತಿತ್ತು.

"ಬಾಗಿಸೇ ಹಾಕೋ," ಎಂದ ಅಣ್ಣ. "ಕೆಳಗೆ ಉಳಿಯೋದೂ ನಿಂದೇ ಕಣೋ. ನಾನ್ಯಾಕೆ ಮುಟ್ಲಿ?"

ನಾನು ನಂಬಲಿಲ್ಲ. ನಮ್ಮ ಕಡೆ ಬದುವೇ ಗಡಿ. ವರ್ಷಕ್ಕೊಂದು ಗೇಣು ಬದು ಒತ್ತಿ ಉಳುವವರನ್ನು ನೋಡುತ್ತಲೇ ಬೆಳೆದವನು ನಾನು. ಗಡಿಕಲ್ಲಿನಿಂದ ಗಡಿಕಲ್ಲಿಗೆ ಹಗ್ಗ ಎಳೆದು, ಅದರ ಉದ್ದಕ್ಕೂ ನೆಟ್ಟಗೆ ಬದು ಹಾಕಿಸಿದೆ. ಗ್ರಾಮಸೇವಕರು ಸೈಕಲ್ ಹತ್ತಿ ಹೋದರು. ನೋಡಲು ಮಾತ್ರ ಬದು ಚೆನ್ನಾಗಿತ್ತು.

ಮೊದಲ ದೊಡ್ಡ ಮಳೆಗೆ ನೀರೆಲ್ಲ ಪಡುವಣ ಮೂಲೆಗೆ ಬಂದು ನಿಂತು, ಬದು ಅಲ್ಲೇ ಒಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ನನ್ನ ಹೊಲದಲ್ಲಿ ಆಳೆತ್ತರದ ಕೊರಕಲು. ಅಲ್ಲಿನ ಮಣ್ಣು ಕೊಚ್ಚಿಕೊಂಡು ಹೋಗಿ, ಸುತ್ತ ಕಟ್ಟೆಯಿಲ್ಲದ ಅಣ್ಣನ ಬಾವಿಯನ್ನು ಅರ್ಧ ತುಂಬಿತ್ತು. ಅವನ ಸೊಪ್ಪಿನ ಮಡಿಗಳಿಗೂ ಮನೆಯವರ ಕುಡಿಯುವ ನೀರಿಗೂ ಇದ್ದದ್ದು ಅದೊಂದೇ ಬಾವಿ. ಅವನ ಮುಖ ನೋಡಲು ನನಗೆ ನಾಚಿಕೆಯಾಯಿತು. ನಾಲ್ಕು ಬೈದುಬಿಡಲಿ ಎಂದು ಕಾದೆ. ಬೈಯಲಿಲ್ಲ.

ಅಣ್ಣ, ಅತ್ತಿಗೆ ಒಂದು ತಿಂಗಳು ಕೆಸರು ಎತ್ತಿದರು. ಒಂದು ಭಾನುವಾರ ನಾನೂ ಗುದ್ದಲಿ ಹಿಡಿದು ಹೋದೆ. ಅತ್ತಿಗೆ ಕೆಸರನ್ನು ಬಾವಿಯ ಪಕ್ಕ ಸುರಿಯುತ್ತಿರಲಿಲ್ಲ. ಒಂದೊಂದು ಮಂಕರಿಯನ್ನೂ ತಲೆಯ ಮೇಲಿಟ್ಟು, ಏರು ಹತ್ತಿ, ನನ್ನ ಹೊಲದ ಕೊರಕಲಿಗೆ ಹಾಕಿ ಬರುತ್ತಿದ್ದರು.

"ಇಲ್ಲೇ ಹಾಕಿ ಅತ್ತಿಗೆ, ಅಷ್ಟು ದೂರ ಯಾಕೆ ಹೊರ್ತೀರ?" ಎಂದೆ.

ಅವರು ಮಂಕರಿ ಹೊತ್ತು ಏರು ಹತ್ತಿದರು. ಬಾವಿಯೊಳಗಿನಿಂದ ಅಣ್ಣನ ದನಿ ಬಂತು. "ಬೇಡಪ್ಪ. ನಿನ್ನ ಮಣ್ಣು ನಿನ್ನ ಕಡೆನೇ ಇರ್ಲಿ. ನಾಳೆ ಅಣ್ಣ ಇಟ್ಕೊಂಡ ಅನ್ನೋ ಹಾಗಾಗ್ಬಾರ್ದು ನೋಡು."

ಅತ್ತಿಗೆ ಮತ್ತೊಂದು ಮಂಕರಿ ಹೊತ್ತು ಬಂದರು. ನಾನು ದಾರಿ ಬಿಟ್ಟು ನಿಂತೆ.